ಉಡಿ ತುಂಬಿಸಿಕೊಂಡು ಹೋದ ಯಂತ್ರ

ಕಾರ್ಖಾನೆ ಎಂದರೆ ನಿಯಮದ ಜಾಗ ಎಂದು ನಂಬಿದವನು ನಾನು. ಆದರೆ ಹುಮನಾಬಾದಿನ ನಮ್ಮ ಕಾರ್ಖಾನೆಗೆ ನಿಯಮ ಮೊದಲ ಪಾಳಿಗೆ ಬಂದರೆ, ಅದನ್ನು ಬಗ್ಗಿಸುವವರು ಅದಕ್ಕೂ ಮುಂಚಿನ ಬಸ್ಸಿಗೇ ಬಸವಕಲ್ಯಾಣದಿಂದ ಬಂದು ಕೂತಿರುತ್ತಾರೆ. ಹೀಗಾಗಿ ಈಗ ಹೇಳಹೊರಟಂಥವು ಇಲ್ಲಿ ನಡೆಯುತ್ತಲೇ ಇರುತ್ತವೆ. ನಾವು ಮಾಡುವುದು ಫ್ಯಾನಿನ ಮೋಟಾರಿಗೆ ಬೇಕಾದ ತಾಮ್ರದ ಕಾಯಿಲ್. ಗುಣಮಟ್ಟ ನೋಡುವವನು ನಾನು. ತಂತಿ ಒಂದು ಸುತ್ತು ಹೆಚ್ಚಾದರೂ ಕಾಯಿಲ್ ವಾಪಸ್.

ಕುರಿ ಮತ್ತು ಕಂಪನಿ

ಕೆಲಸ ವಿಯೆಟ್ನಾಂಗೆ ಹೋಗುತ್ತದೆ ಎಂದು ಹೇಳಲು ಪುಣೆಯ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬಂದರು. ಗೋಡೆಯ ಮೇಲೆ ಚಿತ್ರ ಬಿಟ್ಟು ಇಂಗ್ಲಿಷಿನಲ್ಲಿ ವಿವರಿಸಿದರು: ಅಲ್ಲಿ ತಂತಿ ಪಕ್ಕದ ಗೇಟಿನಲ್ಲೇ ತಯಾರಾಗುತ್ತದೆ, ಬಂದರು ಹತ್ತಿರ, ತೆರಿಗೆ ಕಡಿಮೆ, ಕೊಳ್ಳುವವರಿಗೆ ಅಗ್ಗ. ನಾನು ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿದೆ.

ಕೊಹಿನೂರು ಎಂಬ ಊರಿನ ಹಿರಿಯ ಫಿಟ್ಟರ್ ಎದ್ದು ನಿಂತ. ಅವನ ಮನೆಯವರು ಕುರಿ ಸಾಕುವವರು.

"ತಿಳೀತ್ರಿ. ಮೇವು ಇದ್ದಲ್ಲಿ ಕುರಿ ಹೋಗತಾವ. ಆದ್ರ ಕುರಿ ಹೋದ ಮ್ಯಾಲ ಹೊಲದಾಗ ಹಿಕ್ಕಿಯರ ಉಳೀತದ, ಮುಂದಿನ ಪೀಕು ಚಲೋ ಬರತದ. ಕಂಪನಿ ಹೋದ ಮ್ಯಾಲ ಇಲ್ಲಿ ಏನ್ ಉಳೀತದ, ಕೇಳ್ರಿ."

ನಾನು ಅನುವಾದದಲ್ಲಿ ಏನನ್ನೂ ಬಿಡುವವನಲ್ಲ, ಹಿಕ್ಕಿಯನ್ನೂ ಬಿಡಲಿಲ್ಲ. ಸಾಹೇಬರು ಗಂಭೀರವಾಗಿ ಯೋಚಿಸಿ ಭರವಸೆ ಕೊಟ್ಟರು: "ಚಿಂತೆ ಬೇಡ ಎಂದು ಹೇಳಿ. ನಾವು ಅಂಥದ್ದೇನನ್ನೂ ಬಿಟ್ಟು ಹೋಗುವುದಿಲ್ಲ. ಪೂರ್ತಿ ಗುಡಿಸಿಯೇ ಹೋಗುತ್ತೇವೆ."

ಅದನ್ನೂ ಹಾಗೆಯೇ ಅನುವಾದಿಸಿದೆ.

ಸಿಟ್ಟಿನ ಊಟ

ಕಾಯಿಲ್ ಸುತ್ತುವ ಮೂರು ಯಂತ್ರಗಳಲ್ಲಿ ಎರಡು ಮೊದಲೇ ಹೋದವು. ಅವುಗಳ ಮೇಲೆ ದುಡಿದವರಲ್ಲಿ ಒಬ್ಬಾಕೆ ಮಂಠಾಳದ ಸಂತೆಯಲ್ಲಿ ಬಳೆ ಮಾರುತ್ತಾಳೆ, ಉಳಿದವರು ಕರೆದವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಮೂರನೆಯದೂ ಹೋದರೆ ಆ ದಿನದಿಂದ ನಾರಾಯಣಪುರದ ಅಕ್ಕನ ಗುಂಪಿಗೂ ಕೆಲಸವಿಲ್ಲ. ಅಕ್ಕ ಎಂದರೆ ಆ ಯಂತ್ರದ ಹೆಣ್ಣುಮಕ್ಕಳಿಗೆಲ್ಲ ಮುಖಂಡಳು. ನಾನೂ ಅಕ್ಕ ಎಂದೇ ಕರೆಯುತ್ತೇನೆ.

ಅದರ ಕೆಲಸ ಕಲಿಯಲು ವಿಯೆಟ್ನಾಂನಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಒಂದಕ್ಷರವೂ ಕಲಿಸಬಾರದು ಎಂದು ಅಕ್ಕನ ಗುಂಪು ತೀರ್ಮಾನಿಸಿತ್ತು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ಮಧ್ಯಾಹ್ನ ಮೂಲೆಯಲ್ಲಿ ಕೂತು ಬಿಸ್ಕೀಟು ತಿಂದಳು. ಮರುದಿನ ನೋಡಿದರೆ ಅವಳ ಮುಂದೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಂಜೆಯ ಹೊತ್ತಿಗೆ ಅವಳು ಸುತ್ತಿದ ಕಾಯಿಲಿನಲ್ಲಿ ತಪ್ಪು ಹುಡುಕಲು ನನಗೇ ಆಗಲಿಲ್ಲ.

ತೀರ್ಮಾನ ಏನಾಯಿತು ಎಂದು ಅಕ್ಕನನ್ನು ಕೇಳಿದೆ.

"ಹಸದವರ ಮ್ಯಾಲ ಹ್ಯಾಂಗ ಸಿಟ್ಟು ಮಾಡಬೇಕ್ರಿ ಸಾಹೇಬ್ರ? ಉಂಡ ಮ್ಯಾಲ ಮಾಡಿದ್ರಾಯ್ತು ಅಂತ ಬಿಟ್ಟೆವು. ಉಂಡ ಮ್ಯಾಲ ನಮಗ ನಿದ್ದಿ ಬಂತು."

ಬೀಳ್ಕೊಡುಗೆ

ಯಂತ್ರವನ್ನು ಪೆಟ್ಟಿಗೆಗೆ ಹಾಕುವ ದಿನ ಹೋಗಿ ನೋಡುತ್ತೇನೆ: ಅದರ ಹಣೆಗೆ, ಅಂದರೆ ಮುಂದಿನ ಫಲಕಕ್ಕೆ, ಕುಂಕುಮ. ಮೇಲೆ ಹಸಿರು ಜಂಪರ್ ಪೀಸು, ಅಕ್ಕಿ, ತೆಂಗಿನಕಾಯಿ, ಅರಿಶಿನಕೊಂಬು, ಉತ್ತತ್ತಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿಯನ್ನು ಯಂತ್ರಕ್ಕೆ ತುಂಬಿದ್ದರು. ಇಬ್ಬರು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು.

ಯಂತ್ರದ ಮೇಲೆ ಯಂತ್ರದ್ದಲ್ಲದ ವಸ್ತು ಇರಕೂಡದು, ಎಲ್ಲ ತೆಗೆಯಿರಿ ಎಂದೆ. ಅಕ್ಕ ವಾದಿಸದೆ ತಲೆಯಾಡಿಸಿದಳು. ಅರ್ಧ ಗಂಟೆ ಬಿಟ್ಟು ಬಂದು ನೋಡಿದೆ. ಮೇಲೆ ಒಂದು ಕಾಳೂ ಇರಲಿಲ್ಲ. ಸಹಿ ಹಾಕಿದೆ.

ಮೇಲೆ ಇರಕೂಡದು ಎಂದಿದ್ದೆನಲ್ಲ, ಅಕ್ಕ ಎಲ್ಲವನ್ನೂ ಒಳಗೆ ಇಟ್ಟಿದ್ದಳು.

ಪಂಚಮಿ

ಆ ಕಡೆಯ ಬಂದರಿನಲ್ಲಿ ಪೆಟ್ಟಿಗೆ ತೆಗೆದ ಅಧಿಕಾರಿಗಳಿಗೆ ಯಂತ್ರದ ಹೊಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ ಸಿಕ್ಕವು. ಹುಳುಹುಪ್ಪಡಿಯ ಭಯಕ್ಕೆ ಇಂಥದ್ದನ್ನು ಒಳಗೆ ಬಿಡುವುದಿಲ್ಲವೆಂದು ಯಂತ್ರವನ್ನೇ ವಾಪಸ್ ಕಳಿಸಿದರು. ಪುಣೆಯಿಂದ ದೊಡ್ಡ ಸಾಹೇಬರ ಫೋನು. ಆ ವಸ್ತುಗಳು ಏನು, ಯಾಕೆ? ನಾನು ಸುಳ್ಳು ಹೇಳುವವನಲ್ಲ. ಮಗಳನ್ನು ಬೀಳ್ಕೊಡುವ ಪದ್ಧತಿ ಎಂದೆ. ಯಾರ ಮಗಳು ಎಂದು ಕೇಳಿದರು. ಯಂತ್ರದ ನಂಬರು ಹೇಳಿದೆ.

ಇತ್ತ ಕೊಳ್ಳುವವರು ಮಾಲಿಗೆ ಅವಸರ ಮಾಡುತ್ತಿದ್ದರು. ಸದ್ಯಕ್ಕೆ ಇಲ್ಲೇ ಕೂರಿಸಿ ಓಡಿಸಿ ಎಂದು ಆಜ್ಞೆಯಾಯಿತು. ಮನೆಗೆ ಹೋಗಿದ್ದ ಅಕ್ಕನ ಗುಂಪಿಗೆ ಕರೆ ಹೋಯಿತು. ಲಾರಿ ಗೇಟಿಗೆ ಬಂದದ್ದು ಸರಿಯಾಗಿ ನಾಗರ ಪಂಚಮಿಯ ವಾರ. ಹೆಣ್ಣುಮಕ್ಕಳು ಹಬ್ಬದ ಜೋಳದ ಅಳ್ಳು, ಶೇಂಗಾ ಉಂಡಿ ಕಟ್ಟಿಕೊಂಡೇ ಬಂದಿದ್ದರು. ಅಕ್ಕ ಆರತಿ ಎತ್ತಿ, ಲಾರಿ ಡ್ರೈವರನ ಹಣೆಗೂ ಕುಂಕುಮ ಹಚ್ಚಿದಳು.

"ಮೊದಲ ಪಂಚಮಿಗೆ ಮಗಳು ತವರಿಗೆ ಬರಬೇಕಲ್ರಿ ಸಾಹೇಬ್ರ. ಬಂದಾಳ."

ಯಂತ್ರ ತಿರುಗತೊಡಗಿತು. ಹಬ್ಬ ಮುಗಿದ ಮೇಲೆ ಪುಣೆಯಿಂದ ಮತ್ತೆ ಫೋನು: ಯಾವಾಗ ಕಳಿಸುತ್ತೀರಿ? ಅಕ್ಕನನ್ನು ಕೇಳಿದೆ. ಆಕೆ ತಂತಿಯಿಂದ ಕಣ್ಣು ತೆಗೆಯಲಿಲ್ಲ.

"ತವರಿಗೆ ಬಂದಾಕಿನ್ನ ನಾವಾಗೇ ಕಳಸಂಗಿಲ್ರಿ. ಗಂಡನ ಮನಿಯವರು ಬಂದು ಕರಕೊಂಡು ಹೋಗಬೇಕು. ನಮ್ಮ ಕಡೀ ನಿಯಮ ಅದು."

ನಿಯಮ ಎಂದ ಮೇಲೆ ನಾನು ಮೀರುವುದುಂಟೇ? ವಿಯೆಟ್ನಾಂನವರೇ ಬಂದು ಕರೆದೊಯ್ಯಬೇಕು ಎಂದು ಪುಣೆಗೆ ತಿಳಿಸಿದೆ. ಯಾರು ಬರಬೇಕು, ಖರ್ಚು ಯಾರದು ಎಂದು ಅಲ್ಲಿ ಇನ್ನೂ ಚರ್ಚೆ ನಡೆದಿದೆ. ಇಲ್ಲಿ ಅಕ್ಕ ಮುಂದಿನ ಪಂಚಮಿಯ ಉಂಡಿಗೆ ಶೇಂಗಾ ಹೇಳಿಟ್ಟಿದ್ದಾಳೆ.