ಹರಿಹರ ಅನ್ರಿ, ನೋಡೋಣ!

ಪುಣೆಯ ಪೊಲೀಸರ ಕೈಗೆ ಕುಡಿದವರನ್ನು ಹಿಡಿಯಲು ಊದಿಸುವ ಮಶೀನು ಬರುವ ಎಷ್ಟೋ ವರ್ಷ ಮೊದಲೇ ಅದು ಬಿಬವೇವಾಡಿಯ ನಮ್ಮ ಮನೆಗೆ ಬಂದಿತ್ತು. ಸುಳ್ಳಲ್ಲ! ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ, ಎರಡು ಹೊತ್ತು ಖಡಕ್ ಚಹಾ ಸಾಕಿತ್ತು. ಬಾಗಲಕೋಟೆಯಿಂದ ಮದುವೆಯಾಗಿ ಬಂದ ಆ ಮಶೀನು ನಮ್ಮ ಕಾಕು, ಅಂದರೆ ಚಿಕ್ಕಪ್ಪ ಕಾಕಾನ ಹೆಂಡತಿ.

ಕಾಕುವಿನ ಅಣ್ಣ ಕುಡಿದು ಕುಡಿದೇ ಸತ್ತಿದ್ದ. ಹೀಗಾಗಿ ಕನ್ಯೆ ನೋಡಲು ಹೋದ ದಿನವೇ ಆಕೆ ಅವಲಕ್ಕಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕರಾರು ಹಾಕಿದ್ದಳು. "ಒಂದ್ ಹನಿ ಬಾಯಿಗೆ ಬಿದ್ದದ್ದು ಗೊತ್ತಾತಂದ್ರ ನಾ ತವರಿಗೆ ಹೊಂಟೆ. ಮತ್ತ ಕರೀಲಿಕ್ಕೆ ಬರಬ್ಯಾಡ್ರಿ." ಕಾಕಾ ಒಪ್ಪಿದರು. ಒಪ್ಪಿದ ತಪ್ಪಿಗೆ ದಿನಾ ಆಫೀಸಿನಿಂದ ಬಂದು ಹೊಸ್ತಿಲಾಚೆ ನಿಂತು ಪರೀಕ್ಷೆ ಕೊಡಬೇಕಾಯಿತು.

"ಹರಿಹರ ಅನ್ರಿ."

"ಹರಿಹರ."

"ಹಂ, ಒಳಗ ಬರ್ರಿ."

ಎಂಥ ಭಕ್ತಿ ಅಂತೀರಾ? ಭಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ, ಬಾಯಿ ಮೂಸುವ ಉಪಾಯ! "ರಾಮ ರಾಮ ಅಂದ್ರ ಉಸಿರು ತುಟಿಯಾಗ ಉಳೀತದ. ಹರಿಹರ ಅಂದ್ರ ನೋಡು, ಸೀದಾ ಹೊಟ್ಟಿಯಿಂದ ಬರ್ತದ" ಎಂದು ಕಾಕು ನನಗೆ ಗುಟ್ಟು ಹೇಳಿದ್ದಳು.

ಈ ಮಶೀನನ್ನು ಎಷ್ಟರಮಟ್ಟಿಗೆ ನಂಬಬಹುದಿತ್ತು? ಅದೊಂದು ಮಾತ್ರ ಕೇಳಬೇಡಿ! ಸತ್ಯನಾರಾಯಣ ಪೂಜೆಗೆ ಬಂದ ಆಚಾರ್ಯರು ಪಚನಕ್ಕೆಂದು ಎರಡು ಚಮಚ ದ್ರಾಕ್ಷಾರಿಷ್ಟ ಕುಡಿದು ಬಂದಿದ್ದರು. ಕಾಕು ಹೇಳಿದ ಕೂಡಲೇ ಪಾಪ, ಬಾಯಿ ತುಂಬ "ಹರಿಹರ" ಅಂದರು. "ಕಥಿ ಆಮ್ಯಾಲ ಹೇಳೀರಂತ ಆಚಾರ್ರ, ಮೊದಲ ಸತ್ಯ ಹೇಳ್ರಿ!" ಎಂದು ಬಾಗಿಲಲ್ಲೇ ತಡೆದಳು. ಹಲ್ಲಿನ ಡಾಕ್ಟರು ಕೊಟ್ಟ ಔಷಧದಿಂದ ಬಾಯಿ ಮುಕ್ಕಳಿಸಿ ಬಂದ ನಾನೂ ಫೇಲು. "ಅಯ್ಯ, ಡಾಕ್ಟರೂ ಕುಡೀತಾನೇನೋ?" ಎಂದು ಆತನಿಗೂ ಮರುಗಿದಳು. ಒಮ್ಮೆಯಂತೂ ಕಾಕಾ ಅರ್ಧ ತಾಸು ಹೊರಗೇ ನಿಂತರು. ಆಮೇಲೆ ನೋಡಿದರೆ ಬಾಗಿಲ ಹಿಂದೆ ಇಡ್ಲಿ ಹಿಟ್ಟು ಹುಳಿ ಬಂದು ಉಕ್ಕಿತ್ತು!

ಎರಡು ಸಾವಿರದ ಇಸವಿ ದಾಟಿದ ಮೇಲೆ ಪೊಲೀಸರಿಗೂ ಮಶೀನು ಬಂತು. ಕಾಕು ಮರಾಠಿ ಪೇಪರಿನಲ್ಲಿ ಅದರ ಫೋಟೋ ನೋಡಿ, "ಮೂಗಿಲ್ಲದ್ದು ಏನ್ ಮೂಸ್ತದ, ಮಣ್ಣು!" ಎಂದು ಅದೇ ಪೇಪರಿನ ಮೇಲೆ ಶೇಂಗಾ ಒಣಹಾಕಿದಳು.

ಒಂದು ಸಂಜೆ ವಿಮಾನ ನಗರದಿಂದ ಕಾಕಾನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದೆ. ಆ ವಾರವೆಲ್ಲ ಕಾಕಾ ಸಪ್ಪಗಿದ್ದರು, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಬಿಸಿಲು ಭಾಳ ಅಂತ ನಾವೂ ಸುಮ್ಮನಿದ್ದೆವು. ಮನೆ ಹತ್ತಿರ ಬಂದಾಗ ಸ್ಕೂಟರು ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಹೋಗತೊಡಗಿತು. ಚೌಕಿನಲ್ಲಿದ್ದ ಹವಾಲ್ದಾರ ಕೈ ಅಡ್ಡ ಹಾಕಿ ಮಶೀನು ಮುಂದೆ ಹಿಡಿದ.

"ಫುಂಕಾ ಕಾಕಾ, ಫುಂಕಾ!"

ಕಾಕಾ ಊದಿದರು. ಮಶೀನು ಕುಂಯ್ ಎಂದು ಕೆಂಪು ದೀಪ ತೋರಿಸಿತು. ಮತ್ತೊಮ್ಮೆ ಊದಿಸಿದ. ಮತ್ತೂ ಕೆಂಪೇ! ಕಾಕಾನ ಕಣ್ಣು ಎಳೆಯುತ್ತಿದ್ದವು, ನಾಲಿಗೆ ತೊದಲುತ್ತಿತ್ತು. "ನಾ ಕುಡದಿಲ್ಲಪಾ... ಅಕಿಗೆ ಹೇಳು" ಎಂದರು. ಸುಳ್ಳ್ಯಾಕೆ ಹೇಳಲಿ, ನನಗೂ ಸಂಶಯ ಬಂತು.

ಓಡಿ ಹೋಗಿ ಕಾಕುವನ್ನು ಕರೆತಂದೆ. ಸಂಸಾರ ಮುಗಿಯಿತು, ಇವತ್ತೇ ಬಾಗಲಕೋಟೆ ಬಸ್ಸು ಅಂದುಕೊಂಡೆ.

"ಹರಿಹರ ಅನ್ರಿ" ಎಂದಳು.

"ಹ..." ಎಂದರು ಕಾಕಾ. ಅಷ್ಟೇ ಆಯಿತು ಅವರಿಂದ.

ಕಾಕು ಮೂಸಿದಳು. ಇನ್ನೊಮ್ಮೆ ಮೂಸಿದಳು. ಮುಖ ಬಿಳಿಚಿತು. "ಇದು ದಾರು ಅಲ್ಲ. ಕೊಳತ ಹಣ್ಣಿನ ವಾಸನಿ ಅದ. ಏನೋ ಆಗೇದ ಇವರಿಗೆ, ದವಾಖಾನಿಗೆ ನಡಿ!"

"ಮಶೀನ್ ಖೋಟಂ ಬೋಲತ್ ನಾಹೀ, ತಾಯೀ" ಎಂದ ಹವಾಲ್ದಾರ. ಮಶೀನು ಸುಳ್ಳು ಹೇಳುವುದಿಲ್ಲವಂತೆ!

ಸಿಟ್ಟು ಬಂದರೆ ಕಾಕುವಿಗೆ ಮರಾಠಿ ಮರೆತುಹೋಗುತ್ತದೆ. "ನಿನ್ನ ಮಶೀನಿಗೆ ಕುಡುಕ ಅಣ್ಣ ಇದ್ದನೇನು? ವರ್ಷಗಟ್ಟಲೆ ಅವನ ಬಾಯಿ ಮೂಸೇನಿ ನಾನು!" ಹವಾಲ್ದಾರನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಆ ಮುಖ ನೋಡಿ ತಾನೇ ರಿಕ್ಷಾ ನಿಲ್ಲಿಸಿದ.

ಕಾಕಾನಿಗೆ ಸಕ್ಕರೆ ಕಾಯಿಲೆ, ಅದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ! ಸಕ್ಕರೆ ವಿಪರೀತ ಏರಿದರೆ ಉಸಿರಿಗೆ ಹಣ್ಣಿನಂಥ ವಾಸನೆ ಬರುತ್ತದೆ, ಕೆಲವು ಮಶೀನು ಅದನ್ನೇ ದಾರು ಅಂದುಕೊಳ್ಳುತ್ತವೆ ಎಂದರು ಡಾಕ್ಟರು. ನಶೆ ಇಳಿಯಲೆಂದು ಪೊಲೀಸ್ ಚೌಕಿಯಲ್ಲಿ ಕೂಡಿಸಿದ್ದರೆ ಕಾಕಾ ನಮಗೆ ಸಿಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಮತ್ತೆ ಹೊರಬಂದು, "ಇನ್ನು ಹೆದರಿಕೆ ಇಲ್ಲ" ಎಂದರು.

ನನಗೆ ಕುಣಿಯುವಷ್ಟು ಖುಷಿ. "ಕಾಕೂ, ಪೊಲೀಸರ ಮಶೀನು ಸೋತಿತು, ನಿನ್ನ ಮೂಗು ಗೆದ್ದಿತು ನೋಡು!" ಎಂದೆ.

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಸುಮ್ನಿರೋ! ರಿಕ್ಷಾದಾಗ ನಾ ದೇವರಿಗೆ ಏನ್ ಬೇಡಿಕೊಂಡೆ ಗೊತ್ತದ ಏನು? ಇದೊಂದ್ ಸಲ ನನ್ನ ಮೂಗು ಸುಳ್ಳಾಗ್ಲಿ, ಇವರು ಖರೇನ ಕುಡದು ಬಂದಿರ್ಲಿ ಅಂತ. ದಾರು ಆಗಿದ್ರ ಮುಂಜಾನಿ ತನಕ ಇಳೀತಿತ್ತಲ್ಲೋ ತಮ್ಮಾ..."