ಮೂರು ಕರು ಹಾಕಿದ ಆಕಳಿನ ಕುರಿತು ಮನವಿ

ಇವರಿಗೆ: ಶ್ರೀ ಗುರುನಾಥ ಸರ್ ಅವರು, ‘ನಾಲ್ಕು ತಾಲೂಕು ಗುರುಬಳಗ’ ವಾಟ್ಸಾಪ್ ಗುಂಪಿನ ಅಡ್ಮಿನ್, ಬೈಲಹೊಂಗಲ

ಇವರಿಂದ: ನಾಗರತ್ನಾ, ಸಹಶಿಕ್ಷಕಿ, ಸಂಪಗಾಂವ ಕಡೆಯ ಒಂದು ಸಣ್ಣ ಕನ್ನಡ ಶಾಲೆ

ಮಾನ್ಯರೇ,

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಾನೂರು ಶಿಕ್ಷಕರನ್ನು ಒಂದೇ ಗುಂಪಿನಲ್ಲಿ ಕೂಡಿಸಿ, ದಿನವೂ ಮುಂಜಾನೆ ಗುಲಾಬಿ ಹೂವಿನ ಚಿತ್ರದೊಂದಿಗೆ ನಮಗೆ ಶುಭ ಕೋರುವ ತಮಗೆ ಮೊದಲು ನನ್ನ ಶರಣು. ಅಭ್ಯಾಸ ಹಾಳೆಗಳನ್ನು ಯಾರೂ ಪಿಡಿಎಫ್ ಮಾಡಿ ಹಾಕಬಾರದು, ಪಡೆದವರು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳಲು ಬರುವ ಹಾಗೆ ವರ್ಡ್ ಫೈಲಿನಲ್ಲಿಯೇ ಹಾಕಬೇಕು ಎಂಬ ತಮ್ಮ ನಿಯಮವನ್ನು ನಾನು ಇಂದಿಗೂ ಮನಸಾರೆ ಒಪ್ಪುತ್ತೇನೆ. ಬೇರೆಯವರ ಹದಿಮೂರು ಹಾಳೆಗಳನ್ನು ನಾನೂ ಇಳಿಸಿಕೊಂಡು, ಅವರ ಹೆಸರು ಅಳಿಸಿ ನನ್ನ ಹೆಸರು ಕೂಡಿಸಿದ್ದೇನೆಂದು ಇಲ್ಲಿಯೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸುಲಭವಾಗುತ್ತದೆ.

ನನ್ನ ಮೂರನೆಯ ತರಗತಿಯಲ್ಲಿ ಪ್ರಜ್ಞಾ ಎಂಬ ಹುಡುಗಿ ಇದ್ದಾಳೆ. ಎರಡು ವರ್ಷ ಶಾಲೆಗೆ ಬಂದರೂ ತರಗತಿಯಲ್ಲಿ ಒಂದು ಅಕ್ಷರ ಬಾಯಿಬಿಟ್ಟು ಓದಿದವಳಲ್ಲ. ಓದು ಎಂದರೆ ತುಟಿ ಬಿಗಿಹಿಡಿದು ಕಿಟಕಿಯ ಕಡೆ ನೋಡುವವಳು. ಒಮ್ಮೆ ಅವಳ ಮನೆಗೆ ಹೋದಾಗ ಅವಳ ತಾಯಿ ಇಂದ್ರವ್ವ ಆಗಷ್ಟೇ ಈದಿದ್ದ ತಮ್ಮ ಆಡನ್ನೂ ಅದರ ಎರಡು ಮರಿಗಳನ್ನೂ ತೋರಿಸಿದರು. ಮರುದಿನವೇ ನಾನು ‘ಪ್ರಜ್ಞಾಳ ಆಡು’ ಎಂಬ ಹಾಳೆ ತಯಾರಿಸಿ, ಆಡು ಎರಡು ಮರಿ ಹಾಕಿತು ಎಂದು ಬರೆದು, ಕೆಳಗೆ ಐದು ಪ್ರಶ್ನೆ ಕೊಟ್ಟೆ. ಹಾಳೆ ಕೈಗೆ ಬಂದದ್ದೇ ತಡ, ಪ್ರಜ್ಞಾ ಬೆರಳಿಟ್ಟು ಒಂದೊಂದೇ ಪದ ಓದಿ, ತಲೆ ಎತ್ತಿ, ಇಡೀ ತರಗತಿಗೆ ಕೇಳುವಂತೆ ಹೇಳಿದಳು: “ಅಕ್ಕೋರ, ಎರಡಲ್ರಿ, ಮೂರು ಹಾಕಿತ್ರಿ. ಒಂದು ಸತ್ತೈತ್ರಿ.”

ಅವಳ ಬಾಯಿಂದ ತರಗತಿಯಲ್ಲಿ ನಾನು ಕೇಳಿದ ಮೊದಲ ಮಾತು ನನ್ನದೇ ತಪ್ಪಿನ ತಿದ್ದುಪಡಿಯಾಗಿತ್ತು, ಮತ್ತು ಅಂದು ನನಗಾದಷ್ಟು ಸಂತೋಷ ನೌಕರಿಯ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ. ಎರಡನ್ನು ಮೂರು ಮಾಡಿ, ಸಂಭ್ರಮ ತಡೆಯಲಾರದೆ, ಆ ಹಾಳೆಯನ್ನು ತಮ್ಮ ಗುಂಪಿಗೆ ಹಾಕಿದೆ. ತಾವು ಎರಡು ಹೆಬ್ಬೆರಳು ತೋರಿಸಿ ಆಶೀರ್ವದಿಸಿದಿರಿ.

ಮುಂದೆ ನಡೆದದ್ದೆಲ್ಲ ತಮ್ಮ ನಿಯಮದ ಪ್ರಕಾರವೇ ನಡೆಯಿತು. ಸವದತ್ತಿಯ ಗುರುಗಳೊಬ್ಬರು ಪ್ರಜ್ಞಾ ಎಂಬ ಹೆಸರು ಮಕ್ಕಳ ನಾಲಿಗೆಗೆ ತೊಡಕೆಂದು ಸಪ್ನಾ ಎಂದು ಮಾಡಿದರು. ಕಿತ್ತೂರಿನ ಹತ್ತಿರ ದೇಗಾಂವದ ಇನ್ನೊಬ್ಬರಿಗೆ ಕಂಪ್ಯೂಟರಿನಲ್ಲಿ ಆಡಿನ ಚಿತ್ರ ಸಿಗಲಿಲ್ಲವಂತೆ, ಆಕಳಿನದು ಸಿಕ್ಕಿತಂತೆ. ಅವರು ಆಡು ಇದ್ದಲ್ಲೆಲ್ಲ ಆಕಳು, ಮರಿ ಇದ್ದಲ್ಲೆಲ್ಲ ಕರು ಎಂದು ಒಂದೇ ಏಟಿಗೆ ಬದಲಿಸಿ, ಮೂರು ಎಂಬ ಸಂಖ್ಯೆಯನ್ನು ಮಾತ್ರ ಮೂಲ ಲೇಖಕಿಯ ಮೇಲಿನ ಗೌರವದಿಂದಲೋ ಏನೋ ಹಾಗೆಯೇ ಬಿಟ್ಟರು. ರಾಮದುರ್ಗದ ಮೂರನೆಯವರು ಹಾಳೆಗೆ ಬಳ್ಳಿಯ ಅಂಚು ಹಾಕಿ, ‘ರಚನೆ’ ಎಂಬಲ್ಲಿ ತಮ್ಮ ಹೆಸರನ್ನು ಆಕಳಿಗಿಂತ ದೊಡ್ಡದಾಗಿ ಬರೆದರು. ತಾವು ಅದನ್ನು ನಾಲ್ಕೂ ತಾಲೂಕಿಗೆ ಮಾದರಿ ಹಾಳೆಯೆಂದು ಸಾರಿ, ಬೈಲಹೊಂಗಲದ ಸಭೆಯಲ್ಲಿ ಇಂಥದ್ದನ್ನು ನೋಡಿ ಕಲಿಯಬೇಕೆಂದು ಹೇಳಿದಿರಿ. ದೂರದಿಂದ ಆ ದೊಡ್ಡ ಹೆಸರು, ಆಕಳು ಎರಡೇ ಕಂಡದ್ದರಿಂದ ನಾನೂ ಚಪ್ಪಾಳೆ ತಟ್ಟಿದೆ.

ಕಳೆದ ವಾರ ತಾವು ನಾಲ್ಕೂ ತಾಲೂಕಿಗೆ ಏರ್ಪಡಿಸಿದ ಓದಿನ ಪರೀಕ್ಷೆಗೆ ಅದೇ ಹಾಳೆ ಬಂತು. ಆಕಳು ಎಷ್ಟು ಕರು ಹಾಕಿತು ಎಂಬುದಕ್ಕೆ ಪ್ರಜ್ಞಾ ಒಂದು ಎಂದು ಬರೆದಳು. ಕರುಗಳಿಗೆ ಒಟ್ಟು ಎಷ್ಟು ಕಾಲು ಎಂಬುದಕ್ಕೆ ನಾಲ್ಕು ಎಂದು ಬರೆದಳು. ಒಂದು ಕರು ಮಲಗಿದರೆ ಎಷ್ಟು ಕರು ನಿಂತಿರುತ್ತವೆ ಎಂಬುದಕ್ಕೆ, ಒಂದೂ ಇಲ್ಲ ಎಂದು ಬರೆದಳು. ನಾನು ತಮಗೆ ಫೋನ್ ಮಾಡಿದಾಗ, ಉತ್ತರಸೂಚಿಯಂತೆ ಹೋಗದಿದ್ದರೆ ನಾಲ್ಕು ತಾಲೂಕಿನ ಲೆಕ್ಕ ಕೂಡುವುದಿಲ್ಲವೆಂದು ತಾವು ಬಹಳ ಸಮಾಧಾನದಿಂದ ತಿಳಿಸಿದಿರಿ. ಮೂರೂ ಉತ್ತರಗಳ ಮೇಲೆ ಕೆಂಪು ಗೆರೆ ಎಳೆದದ್ದು ನನ್ನ ಕೈ, ಅದಕ್ಕೆ ನನಗೆ ನಾಚಿಕೆಯಿದೆ. ಐದರಲ್ಲಿ ಎರಡು ಬಂದದ್ದಕ್ಕೆ ಅವಳ ಹೆಸರು ‘ಓದಿ ಅರ್ಥಮಾಡಿಕೊಳ್ಳಲಾರದ ಮಕ್ಕಳ ಪಟ್ಟಿ’ ಸೇರಿತು. ಹಾಳೆಯಲ್ಲಿ ಯಾರ ನಾಲಿಗೆಗೂ ಒಗ್ಗದ ಆ ಹೆಸರು ಪಟ್ಟಿಯಲ್ಲಿ ಮಾತ್ರ ಒಂದು ಅಕ್ಷರವೂ ತಪ್ಪದೆ ಅಚ್ಚಾಗಿದೆ, ಮತ್ತು ಆ ಪಟ್ಟಿಯನ್ನು ತಾವು ಪಿಡಿಎಫ್ ಮಾಡಿ ಕಳಿಸಿದ್ದೀರಿ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ದಯಮಾಡಿ ಆ ಪಟ್ಟಿಯನ್ನೂ ತಿದ್ದಲು ಬರುವ ರೂಪದಲ್ಲಿ ಗುಂಪಿಗೆ ಹಾಕಬೇಕು. ಬಳ್ಳಿಯ ಅಂಚನ್ನು ನಾನೇ ಹಾಕಿಕೊಡುತ್ತೇನೆ. ಅದು ಆಗದ ಮಾತಾದರೆ, ಸದರಿ ಆಕಳನ್ನು ಮೂರೂ ಕರುಗಳ ಸಮೇತ ನಮ್ಮ ಶಾಲೆಯ ಅಂಗಳಕ್ಕೆ ಕರೆಯಿಸಿ, ಪಶುವೈದ್ಯರ ಸಹಿಯೊಂದಿಗೆ ಪ್ರಜ್ಞಾಳಿಗೆ ತೋರಿಸಬೇಕು. ಅದೂ ಕಷ್ಟವೆಂದಾದರೆ, ನಾಲ್ಕೂ ತಾಲೂಕಿನ ಆಕಳುಗಳಿಗೆ ಮುಂದಿನ ಪರೀಕ್ಷೆಯೊಳಗೆ ಉತ್ತರಸೂಚಿಯಂತೆ ನಡೆದುಕೊಳ್ಳಲು ಒಂದು ಸುತ್ತೋಲೆ ಹೊರಡಿಸಬೇಕು. ತಮ್ಮ ಸುತ್ತೋಲೆಗೆ ನಾವು ನಾನೂರು ಶಿಕ್ಷಕರೇ ಎದುರಾಡಿಲ್ಲವೆಂದ ಮೇಲೆ ಅವು ಎದುರಾಡುವ ಸಂಭವ ಕಡಿಮೆ.

ತಮ್ಮ ತಾಳ್ಮೆಗೂ ಗುಲಾಬಿಗಳಿಗೂ ಋಣಿಯಾಗಿರುವ,

ತಮ್ಮ ವಿಶ್ವಾಸಿ,
ನಾಗರತ್ನಾ

ತಾ.ಕ.: ಪ್ರಜ್ಞಾ ಈಗಲೂ ದಿನಾ ಶಾಲೆಗೆ ಬರುತ್ತಾಳೆ, ಆದರೆ ಓದು ಎಂದರೆ ಮತ್ತೆ ಕಿಟಕಿಯ ಕಡೆ ನೋಡುತ್ತಾಳೆ. ನಿನ್ನೆ ಹೊಸ ಹಾಳೆ ಕೊಟ್ಟಾಗ ಮಾತ್ರ ಪೆನ್ಸಿಲ್ ಹಿಡಿದುಕೊಂಡು ನನ್ನ ಬಳಿ ಬಂದು, ಬಹಳ ಸಣ್ಣ ದನಿಯಲ್ಲಿ, “ಅಕ್ಕೋರ, ಖರೇದ್ದು ಬರೀಲೇನ್ರಿ, ಹಾಳ್ಯಾಗಿಂದು ಬರೀಲೇನ್ರಿ?” ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರ ತಮ್ಮ ಉತ್ತರಸೂಚಿಯಲ್ಲಿ ಇದ್ದರೆ ದಯವಿಟ್ಟು ಕಳಿಸಿರಿ, ಯಾವ ರೂಪದಲ್ಲಿದ್ದರೂ ನಡೆದೀತು.