ಚಿಕ್ಕಮ್ಮನ ಕಪ್ಪು ಪಟ್ಟಿಗಳು

ಹೊನ್ನಾಳಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ನನ್ನ ಚಿಕ್ಕಮ್ಮನಂಥ ಹಟಮಾರಿ ನಾಲ್ಕು ತಾಲ್ಲೂಕು ಹುಡುಕಿದರೂ ಸಿಗಲಾರಳು. ಸಿಕ್ಕರೆ, ದಯವಿಟ್ಟು ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ!

ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಕಂಪ್ಯೂಟರಿಗೆ ಕೆಲಸ ಹಚ್ಚಿ, ಅದು ಮುಗಿಯುವಷ್ಟರಲ್ಲಿ ಬಸ್‌ಸ್ಟ್ಯಾಂಡಿಗೆ ಮೂರು ಸಲ ಹೋಗಿಬರುತ್ತಾಳೆ. ಯಾರನ್ನು ಕರೆತರಲು? ಯಾರನ್ನೂ ಅಲ್ಲ!

ಈಗಿನ ಕ್ಯಾಮೆರಾ ತೆಗೆಯುವುದು ಅಗಲದ ಚಿತ್ರ. ಹಳೆಯ ಡಬ್ಬಾ ಟಿವಿಯೋ ಹೆಚ್ಚುಕಡಿಮೆ ಚೌಕ. ಅದರ ಪರದೆ ತುಂಬಿಸಬೇಕೆಂದರೆ ಚಿತ್ರದಲ್ಲಿರುವ ಜನರನ್ನು ಅಕ್ಕಪಕ್ಕದಿಂದ ಹಿಂಡಬೇಕು, ಇಲ್ಲವೇ ಎರಡೂ ಅಂಚು ಕತ್ತರಿಸಬೇಕು. ಚಿಕ್ಕಮ್ಮ ಎರಡಕ್ಕೂ ಒಪ್ಪಳು. ಚಿತ್ರವನ್ನು ಇಡಿಯಾಗಿ ಕುಗ್ಗಿಸಿ, ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಿಡುತ್ತಾಳೆ.

ನ್ಯಾಮತಿಯ ಮದುಮಗಳೊಬ್ಬಳು ಗೋಗರೆದಳಂತೆ: "ಹಿಂಡೇ ಬಿಡ್ರಿ ಅಕ್ಕಾ, ತೆಳ್ಳಗೆ ಕಾಣ್ತೀನಿ!"

"ನಿನ್ನ ಜೊತಿಗೆ ನಿನ್ನ ಗಂಡನೂ ಹಿಂಡಿಸ್ಕೊಂತಾನೆ. ಈಗ್ಲೇ ಊದಿನಕಡ್ಡಿ ಇದ್ದಂಗೆ ಅದಾನೆ!" ಎಂದಳಂತೆ ಚಿಕ್ಕಮ್ಮ.

ಚನ್ನಗಿರಿಯ ಯಜಮಾನರೊಬ್ಬರು ಶುಭಕಾರ್ಯಕ್ಕೆ ಕಪ್ಪು ಯಾಕೆಂದು ಕೂಗಾಡಿದರು. ಚಿಕ್ಕಮ್ಮ ಪಟ್ಟಿಗೆ ಅರಿಶಿನದ ಬಣ್ಣ ಬಳಿದುಕೊಟ್ಟಳು. ಬೀಗರಿಗೆಲ್ಲ ಕಾಮಾಲೆ ಬಂದಂತೆ ಕಂಡಿತು! ಮಾರನೆಯ ದಿನವೇ ಕಪ್ಪಿಗೆ ವಾಪಸು.

ನನ್ನ ಮದುವೆಗೂ ಅದೇ ಪಟ್ಟಿ. ಜಗಳೂರಿನ ನನ್ನ ಅತ್ತೆ ಡಬ್ಬಾ ಟಿವಿಯನ್ನು ಬಿಟ್ಟುಕೊಡುವವರಲ್ಲ. ಡಿವಿಡಿ ಹಾಕುತ್ತಲೇ, "ಅರ್ಧ ಕಿಟಕಿ ಮುಚ್ಚಿದಂಗೈತಲ್ಲವ್ವಾ!" ಎಂದರು. ಹೊಸ ಸೊಸೆಯ ಮಾನ ಉಳಿಯುವುದುಂಟೇ? ಫೋನಿನಲ್ಲೇ ಚಿಕ್ಕಮ್ಮನ ಮೇಲೆ ರೇಗಿದೆ. ಮಾರನೆಯ ಬೆಳಗ್ಗೆ ಲ್ಯಾಪ್‌ಟಾಪ್ ಹೊತ್ತು ಹಾಜರ್! ಚಹಾ ಕೂಡ ನಿಂತೇ ಕುಡಿದಳು.

"ತುಂಬಿಸೇ ತೋರಿಸ್ತೀನಿ, ನೋಡ್ರಿ." ಪರದೆಯ ಮೇಲೆ ಟಿವಿಯಂಥದೇ ಚೌಕ ತೆರೆದು, ಧಾರೆಯ ದೃಶ್ಯವನ್ನು ಅದರ ತುಂಬ ಹಿಗ್ಗಿಸಿದಳು. ಅತ್ತೆಗೆ ಖುಷಿಯೋ ಖುಷಿ.

"ಈಗ ಪೂರ್ತಿ ಚಿತ್ರ."

ಪಟ್ಟಿಗಳು ಬಂದವು. ಜೊತೆಗೆ ಎಡದಂಚಿನಲ್ಲಿ, ಕಂಬದ ಪಕ್ಕ, ಒಬ್ಬ ಹೆಂಗಸು. ನನ್ನ ಅಮ್ಮ!

"ಟಿವಿ ತುಂಬ ಮಾಡಿದ್ರೆ ಮೊದ್ಲು ಹೋಗೋಳು ಅಕ್ಕನೇ," ಎಂದಳು ಚಿಕ್ಕಮ್ಮ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವಳಲ್ಲ. ಧಾರೆಯ ಹೊತ್ತಿಗೆ ನಾನು ಅವಳನ್ನು ಕಣ್ಣಲ್ಲೇ ಹುಡುಕಿದ್ದೆ. ಆಮೇಲೆ ಕೇಳಿದರೆ, "ಅಡುಗೆ ಕಡೆ ಇದ್ದೆ ಕಣೆ" ಎಂದಿದ್ದಳು. ಇಲ್ಲಿ ನೋಡಿದರೆ, ಅತ್ತಿತ್ತ ಕಣ್ಣಾಡಿಸಿ, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನೊಳಗಿಂದ ಕೈ ತೆಗೆದು ನಮ್ಮತ್ತ ಒಂದು ಹಿಡಿ ಅಕ್ಷತೆ ಎಸೆದಳು. ಅದು ನಮ್ಮವರೆಗೆ ತಲುಪಿರಲಾರದು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಜರುಗಿದರು.

"ಕಪ್ಪು ಹಂಗೇ ಇರಲಿ ಬಿಡ್ರಿ. ಇನ್ನೊಂದ್ಸಲ ಹಾಕ್ರಿ, ನಮ್ಮ ಬೀಗಿತ್ತಿ ಅಕ್ಷತೆ ಹಾಕೋದು ನೋಡಾನ."